ರಾಬಿನ್ ಹುಡ್ ಕಾಡು ಸೇರಿದ್ದು ಯಾಕೆ?

ಸಾಹುಕಾರರ ಮನೆಗೆ ಕನ್ನ ಹಾಕಿದವನೊಬ್ಬ ತನ್ನೂರಿನ ಬಡವರಿಗೆ ಒಂದಿಷ್ಟು ದುಡ್ಡು ಹಂಚಿದ್ದ ಅಂತ ಗೊತ್ತಾದರೆ ಸಾಕು, ಮರುದಿನ ಟಿವಿ, ಪತ್ರಿಕೆ ಎಲ್ಲದರಲ್ಲೂ ಅವನು ‘ರಾಬಿನ್ ಹುಡ್’ ಆಗಿಬಿಡುತ್ತಾನೆ. ಉಳಿದ ಊಟವನ್ನು ಹಸಿದವರಿಗೆ ತಲುಪಿಸಲು 2014ರಲ್ಲಿ ದೆಹಲಿಯಲ್ಲಿ ಹುಟ್ಟಿದ ಸ್ವಯಂಸೇವಕರ ತಂಡದ ಹೆಸರು ರಾಬಿನ್ ಹುಡ್ ಆರ್ಮಿ. ಬ್ಯಾಂಕುಗಳ ವಹಿವಾಟಿನ ಮೇಲೆ ಚಿಕ್ಕ ತೆರಿಗೆ ಹಾಕಿ, ಆ ದುಡ್ಡನ್ನು ಬಡವರಿಗೆ ಬಳಸಿ ಎಂದು 2010ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಚಳವಳಿಗೂ ಅದೇ ಹೆಸರು. ಷೇರು ವ್ಯಾಪಾರದ ಅಮೆರಿಕದ ಆ್ಯಪ್ ಒಂದಕ್ಕೂ ಅದೇ.

ಹೆಸರು ಎಲ್ಲರಿಗೂ ಗೊತ್ತು. ಹಸಿರು ಅಂಗಿ, ಉದ್ದ ಬಿಲ್ಲು, ಶೆರ್‌ವುಡ್ ಕಾಡು, ಇಷ್ಟೂ ಗೊತ್ತು. ಆದರೆ ಅವನು ಮುರಿದ ಕಾನೂನು ಯಾವುದು? ಓಡಿಹೋಗಲು ಕಾಡೇ ಯಾಕೆ ಬೇಕಿತ್ತು? ಶೆರಿಫ್ ಅಂದರೆ ಯಾರು, ಅವನ ಮೇಲೆ ಜನಕ್ಕೆ ಅಷ್ಟು ಕೋಪ ಯಾಕೆ? ಇವು ಗೊತ್ತಿಲ್ಲದೆ ಹೋದರೆ ಇದು ಸುಮ್ನೆ ಒಬ್ಬ ಬಿಲ್ಲುಗಾರನ ಸಾಹಸವಾಗಿ ಉಳಿಯುತ್ತದೆ. ಗೊತ್ತಾದರೆ, ಇಂಗ್ಲೆಂಡಿನ ಸಾಮಾನ್ಯ ಜನ ತಲೆಮಾರುಗಟ್ಟಲೆ ಯಾವುದಕ್ಕೆಲ್ಲ ನೊಂದಿದ್ದರು ಎಂಬುದು ಕಥೆಯೊಳಗೇ ಕಾಣುತ್ತದೆ. ನನಗೆ ರಾಬಿನ್ ಹುಡ್ ಮುಖ್ಯ ಅನ್ನಿಸುವುದು ಅದಕ್ಕೇ.

## ಎಲ್ಲರೂ ಕೇಳಿರುವ ಕಥೆ

12ನೇ ಶತಮಾನದ ಕೊನೆ. ಇಂಗ್ಲೆಂಡಿನ ರಾಜ ರಿಚರ್ಡ್ ಕ್ರೂಸೇಡ್ ಎಂಬ ಧರ್ಮಯುದ್ಧಕ್ಕೆ ದೂರ ಹೋಗಿದ್ದಾನೆ. ತಮ್ಮ ಜಾನ್ ದೇಶವನ್ನು ಹಿಂಡುತ್ತಿದ್ದಾನೆ. ನಾಟಿಂಗ್‌ಹ್ಯಾಮ್‌ನ ಶೆರಿಫ್ ಅವನ ಬಲಗೈ. ಅನ್ಯಾಯವಾಗಿ ಆಸ್ತಿ ಕಳೆದುಕೊಂಡ ರಾಬಿನ್ ಶೆರ್‌ವುಡ್ ಕಾಡು ಸೇರುತ್ತಾನೆ. ಲಿಟಲ್ ಜಾನ್, ವಿಲ್ ಸ್ಕಾರ್ಲೆಟ್, ಗಿರಣಿಯವನ ಮಗ ಮಚ್, ಫ್ರಯರ್ ಟಕ್ ಎಂಬ ಸನ್ಯಾಸಿ ಜೊತೆಯಾಗುತ್ತಾರೆ. ಮರಿಯನ್ ಎಂಬ ಪ್ರೇಯಸಿ ಇರುತ್ತಾಳೆ. ದಾರಿಯಲ್ಲಿ ಬರುವ ಹಣವಂತರನ್ನು ದೋಚಿ ಬಡವರಿಗೆ ಹಂಚುತ್ತಾರೆ. ಕೊನೆಗೆ ರಿಚರ್ಡ್ ಮರಳಿ ಬಂದು ಎಲ್ಲ ಸರಿ ಮಾಡುತ್ತಾನೆ.

ಈ ಕಥೆ ಒಂದೇ ಸಲಕ್ಕೆ ಹುಟ್ಟಿದ್ದಲ್ಲ. ಒಂದೊಂದು ಪಾತ್ರ ಒಂದೊಂದು ಕಾಲದಲ್ಲಿ ಬಂದು ಸೇರಿಕೊಂಡಿದೆ. ಅದನ್ನು ಬಿಡಿಸಿ ನೋಡುವ ಮೊದಲು ಆ ಕಾಲದ ಕೆಲವು ಸಂಗತಿ ತಿಳಿದಿರಬೇಕು.

## ಕಾನೂನಿನ ಹೊರಗೆ ತಳ್ಳಿಸಿಕೊಂಡವನು

ರಾಬಿನ್ ಒಬ್ಬ ‘ಔಟ್‌ಲಾ’. ಮಧ್ಯಯುಗದ ಇಂಗ್ಲೆಂಡಿನಲ್ಲಿ ಹೀಗೆ ಅನ್ನಿಸಿಕೊಳ್ಳಲು ದರೋಡೆ ಮಾಡಲೇಬೇಕು ಅಂತೇನೂ ಇರಲಿಲ್ಲ. ನ್ಯಾಯಸಭೆ ಕರೆದಾಗ ಬಾರದೆ ಇದ್ದರೆ ಸಾಕಿತ್ತು.

ಅದು ನಡೆಯುತ್ತಿದ್ದುದು ಹೀಗೆ. ಒಬ್ಬನ ಮೇಲೆ ಕೊಲೆ, ಕಳವಿನಂಥ ದೊಡ್ಡ ಆರೋಪ ಬರುತ್ತದೆ. ಅವನು ಊರು ಬಿಡುತ್ತಾನೆ. ಕೌಂಟಿ, ಅಂದರೆ ಜಿಲ್ಲೆಯ ನ್ಯಾಯಸಭೆ ಸೇರಿದಾಗಲೆಲ್ಲ ಅವನ ಹೆಸರು ಹಿಡಿದು ಕೂಗುತ್ತಾರೆ. ಹೀಗೆ ಒಂದರ ಹಿಂದೆ ಒಂದು ಹಲವು ಸಭೆಗಳಲ್ಲಿ ಕೂಗಿದರೂ ಬರಲಿಲ್ಲವೆಂದರೆ ಅವನನ್ನು ಔಟ್‌ಲಾ ಎಂದು ಸಾರುತ್ತಾರೆ. ಆ ಗಳಿಗೆಯಿಂದ ಕಾನೂನು ಅವನನ್ನು ಕಾಯುವುದಿಲ್ಲ. ಅವನ ಸಾಮಾನು ಸರಂಜಾಮೆಲ್ಲ ರಾಜನ ಪಾಲು. ಅವನಿಗೆ ಊಟ ಕೊಡುವುದು, ಮನೆಯಲ್ಲಿ ಮಲಗಿಸಿಕೊಳ್ಳುವುದು ಅಪರಾಧ. ಹಳೆಯ ಕಾಲದಲ್ಲಿ ಅಂಥವನನ್ನು ಯಾರು ಬೇಕಾದರೂ ಕೊಲ್ಲಬಹುದಿತ್ತು. ‘ತೋಳದ ತಲೆ ಹೊತ್ತವನು’ ಎಂದು ಕರೆಯುತ್ತಿದ್ದುದು ಅದಕ್ಕೇ. ತೋಳವನ್ನು ಕಂಡಲ್ಲಿ ಹೊಡೆಯಬಹುದು, ಇವನನ್ನೂ ಹಾಗೆಯೇ. ಮುಂದೆ ಈ ನಿಯಮ ಸ್ವಲ್ಪ ಮೆತ್ತಗಾಯಿತು. ಹಿಡಿಯುವಾಗ ತಿರುಗಿಬಿದ್ದರೆ ಮಾತ್ರ ಕೊಲ್ಲಬಹುದು ಅಂತಾಯಿತು.

ತಪ್ಪು ಮಾಡದೆ ಇದ್ದರೆ ಸಭೆಗೆ ಹೋಗಿ ಹೇಳಬಹುದಿತ್ತಲ್ಲ ಅನ್ನಿಸುತ್ತದೆ, ಅಲ್ವಾ? ಆಗಿನ ವಿಚಾರಣೆ ಹೇಗಿತ್ತು ನೋಡಿ. 1215ರವರೆಗೆ ದಿವ್ಯಪರೀಕ್ಷೆ ಚಾಲ್ತಿಯಲ್ಲಿತ್ತು. ಕಾಯಿಸಿದ ಕಬ್ಬಿಣ ಹಿಡಿಯಬೇಕು, ಅಥವಾ ಕಟ್ಟಿ ನೀರಿಗೆ ಇಳಿಸುತ್ತಾರೆ. ಗಾಯ ಕೀವಾದರೆ ಅಪರಾಧಿ, ನೀರಿನಲ್ಲಿ ತೇಲಿದರೂ ಅಪರಾಧಿ. ಆ ವರ್ಷ ರೋಮಿನಲ್ಲಿ ಸೇರಿದ ಚರ್ಚ್ ಮಹಾಸಭೆ ಇದರಲ್ಲಿ ಪಾದ್ರಿಗಳು ಭಾಗವಹಿಸಕೂಡದು ಎಂದ ಮೇಲೆ ಈ ಪದ್ಧತಿ ನಿಂತಿತು. ಆಮೇಲೆ ಊರಿನ ಹನ್ನೆರಡು ಜನರ ತೀರ್ಪು ಬಂತು. ಆದರೆ ಊರಿನ ದೊಡ್ಡವರ ಜೊತೆ ಜಗಳ ಆಡಿಕೊಂಡವನಿಗೆ ಆ ಹನ್ನೆರಡು ಜನರ ಮೇಲೆ ಎಷ್ಟು ನಂಬಿಕೆ ಇರಲು ಸಾಧ್ಯ? ಸೋತರೆ ನೇಣು. ಹಾಗಾಗಿ ತಪ್ಪು ಮಾಡಿದವರೂ ಮಾಡದವರೂ ಓಡುತ್ತಿದ್ದರು.

ತಿರುಗಿ ಬರುವ ದಾರಿ ಒಂದಿತ್ತು, ರಾಜನ ಕ್ಷಮೆ. ಒಂದನೇ ಎಡ್ವರ್ಡ್ 1294ರಿಂದ ಯುದ್ಧಕ್ಕೆ ಬರುವ ಅಪರಾಧಿಗಳಿಗೆ ಕ್ಷಮೆ ಕೊಡುವುದನ್ನು ರೂಢಿ ಮಾಡಿದ. ರಾಬಿನ್ ಕಥೆ ಹೇಳುವ ಹಳೆಯ ಲಾವಣಿಯಲ್ಲಿ ರಾಜ ಅವನನ್ನು ಕ್ಷಮಿಸಿ ತನ್ನ ಸೇವೆಗೆ ಸೇರಿಸಿಕೊಳ್ಳುತ್ತಾನೆ. ಅದು ಕೇಳುವವರಿಗೆ ಕಟ್ಟುಕಥೆ ಅನ್ನಿಸುತ್ತಿರಲಿಲ್ಲ. ಅವರ ಊರುಗಳಲ್ಲೇ ಅಂಥವರಿದ್ದರು.

## ರಾಜನ ಕಾಡು, ರಾಜನ ಜಿಂಕೆ

ಕಥೆಯಲ್ಲಿ ಮತ್ತೆ ಮತ್ತೆ ಬರುವ ಅಪರಾಧ ಜಿಂಕೆ ಬೇಟೆ. ಒಂದು ಜಿಂಕೆ ಹೊಡೆದದ್ದಕ್ಕೆ ಇಷ್ಟು ರಾದ್ಧಾಂತವಾ ಅನ್ನಿಸಿದರೆ, ಅರಣ್ಯ ಕಾನೂನಿನ ಕಡೆ ತಿರುಗಬೇಕು.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಬೇಟೆ ಅಂದರೆ ಅವನಿಗೆ ಪ್ರಾಣ. ದೊಡ್ಡ ದೊಡ್ಡ ಪ್ರದೇಶಗಳನ್ನು ‘ಫಾರೆಸ್ಟ್’ ಎಂದು ಘೋಷಿಸಿ, ಅಲ್ಲಿನ ಪ್ರಾಣಿಗಳೆಲ್ಲ ತನ್ನವು ಅಂದ. ದಕ್ಷಿಣದ ನ್ಯೂ ಫಾರೆಸ್ಟ್ 1079ರ ಹೊತ್ತಿಗೆ ಹೀಗೆ ಆಯಿತು. ರಾಜನ ಈ ಫಾರೆಸ್ಟಿನ ಗಡಿಯೊಳಗೆ ಮರಗಳಷ್ಟೇ ಇರಲಿಲ್ಲ. ಹಳ್ಳಿ, ಹೊಲ, ಹುಲ್ಲುಗಾವಲು, ಚರ್ಚು ಎಲ್ಲವೂ ಇದ್ದವು. ತಲೆಮಾರಿನಿಂದ ಉತ್ತು ಬಿತ್ತಿದ ಹೊಲ ಇದ್ದಕ್ಕಿದ್ದ ಹಾಗೆ ಬೇರೆಯೇ ಕಾನೂನಿನ ಕೆಳಗೆ ಬಂದುಬಿಡುತ್ತಿತ್ತು. 12ನೇ ಶತಮಾನದಲ್ಲಿ ಎರಡನೇ ಹೆನ್ರಿಯ ಕಾಲಕ್ಕೆ ಈ ಗಡಿಗಳು ಬೆಳೆದು ದೇಶದ ದೊಡ್ಡ ಪಾಲನ್ನೇ ನುಂಗಿದ್ದವು. ಶೆರ್‌ವುಡ್ ಅಂಥದ್ದೊಂದು ರಾಜಾರಣ್ಯ.

ಅದರೊಳಗೆ ಬದುಕುವವರ ಪಾಡು ಊಹಿಸಿಕೊಳ್ಳಿ. ಜಿಂಕೆ ಬಂದು ಪೈರು ತಿಂದರೆ ಹೊಡೆಯುವ ಹಾಗಿಲ್ಲ. ಜಿಂಕೆ ಒಳಗೆ ಬಾರದ ಹಾಗೆ ಎತ್ತರದ ಬೇಲಿ ಹಾಕುವ ಹಾಗಿಲ್ಲ. ಮನೆ ರಿಪೇರಿಗೆ ಮರ ಕಡಿಯಲು ಅಪ್ಪಣೆ ಬೇಕು. ಹೊಸದಾಗಿ ಒಂದು ತುಂಡು ನೆಲ ಹಸನು ಮಾಡಿದರೆ ದಂಡ. ಬಿಲ್ಲು ಬಾಣ ಹಿಡಿದು ಓಡಾಡಿದರೇ ಅನುಮಾನ. ಸಾಕಿದ ನಾಯಿ ಜಿಂಕೆಯನ್ನು ಅಟ್ಟಬಾರದು ಅಂತ ಅದರ ಮುಂಗಾಲಿನ ಮೂರು ಉಗುರುಗಳನ್ನು ಕತ್ತರಿಸಬೇಕಿತ್ತು. ಹಾಗೆ ಮಾಡಿಸದ ನಾಯಿಯ ಒಡೆಯನಿಗೆ 3 ಶಿಲ್ಲಿಂಗ್ ದಂಡ ಎಂದು 1217ರ ದಾಖಲೆಯಲ್ಲೇ ಇದೆ.

ವಿಲಿಯಂನ ಕಾಲದಲ್ಲಿ ಜಿಂಕೆ ಕೊಂದವನ ಕಣ್ಣು ಕೀಳಿಸುತ್ತಿದ್ದರು. ಅವನು ಸತ್ತ 1087ರಲ್ಲಿ ಇಂಗ್ಲಿಷ್ ಇತಿವೃತ್ತವೊಂದರಲ್ಲಿ ಈ ಬಗ್ಗೆ ಪದ್ಯವೇ ಇದೆ. ಜಿಂಕೆಗಳಿಗೆ ತಾನೇ ತಂದೆಯೇನೋ ಎಂಬಷ್ಟು ಪ್ರೀತಿ ಅವನಿಗೆ ಎಂದು ಅದು ಹೇಳುತ್ತದೆ. ಕಥೆಯಲ್ಲಿ ದೇವರಂತೆ ಬರುವ ರಿಚರ್ಡ್ ಕೂಡ 1198ರಲ್ಲಿ ಹೊರಡಿಸಿದ ಅರಣ್ಯ ಆದೇಶದಲ್ಲಿ ಜಿಂಕೆಗಳ್ಳರ ಕಣ್ಣು ಕೀಳಿಸುವ ಶಿಕ್ಷೆಯನ್ನು ಉಳಿಸಿಕೊಂಡಿದ್ದ.

ದಿನನಿತ್ಯದಲ್ಲಿ ಮಾತ್ರ ಶಿಕ್ಷೆ ಹೆಚ್ಚಾಗಿ ದಂಡದ ರೂಪದಲ್ಲೇ ಇರುತ್ತಿತ್ತು. ಅದಕ್ಕೆ ಕಾರಣ ಸರಳ. ಕಣ್ಣು ಕಿತ್ತರೆ ರಾಜನಿಗೆ ಏನೂ ಸಿಗುವುದಿಲ್ಲ, ದಂಡ ಹಾಕಿದರೆ ಖಜಾನೆ ತುಂಬುತ್ತದೆ. ಅರಣ್ಯ ನ್ಯಾಯಾಧೀಶರು ಕೆಲವು ವರ್ಷಕ್ಕೊಮ್ಮೆ ಬಂದು ಹಳೆಯ ಪ್ರಕರಣಗಳನ್ನೆಲ್ಲ ಒಟ್ಟಿಗೆ ತೆಗೆಯುತ್ತಿದ್ದರು. ಕೌದಿ ಹೊದ್ದು ಮಲಗುವ ರೈತನಿಂದ ಹಿಡಿದು ಜಮೀನ್ದಾರನವರೆಗೆ, ಮಠಗಳವರೆಗೆ, ಎಲ್ಲರೂ ದಂಡ ತೆರುತ್ತಿದ್ದರು. ಆದ್ದರಿಂದ ಕಾಡಿನೊಳಗೆ ರಾಜನ ಜಿಂಕೆಯನ್ನೇ ಸುಟ್ಟು ತಿನ್ನುತ್ತಾ ಕುಳಿತ ಬಿಲ್ಲುಗಾರನ ಹಾಡು ಕೇಳಿದರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ!

## ಶೆರಿಫ್ ದುಡ್ಡು ಮಾಡುತ್ತಿದ್ದ ಬಗೆ

ಶೆರಿಫ್ ಅಂದರೆ ಕೌಂಟಿಯಲ್ಲಿ ರಾಜನ ಪ್ರತಿನಿಧಿ. ತೆರಿಗೆ ಎತ್ತುವವನು ಅವನೇ, ಕಳ್ಳರನ್ನು ಹಿಡಿಯುವವನು ಅವನೇ, ಜೈಲು ನೋಡಿಕೊಳ್ಳುವವನು ಅವನೇ, ಕೌಂಟಿಯ ನ್ಯಾಯಸಭೆ ನಡೆಸುವವನೂ ಅವನೇ. ಎಷ್ಟೋ ಕಡೆ ಕೋಟೆಯ ಬೀಗದ ಕೈಯೂ ಅವನ ಬಳಿ. ಇಷ್ಟೆಲ್ಲ ಅಧಿಕಾರ ಒಬ್ಬನ ಕೈಲಿ ಇರುವುದೇ ಅಪಾಯ. ಅದಕ್ಕಿಂತ ದೊಡ್ಡ ಅಪಾಯ ಅವನು ದುಡ್ಡು ಮಾಡಿಕೊಳ್ಳುತ್ತಿದ್ದ ಬಗೆಯಲ್ಲಿತ್ತು.

ನಮ್ಮ ಕಡೆ ವಾರದ ಸಂತೆಯಲ್ಲಿ ಸುಂಕ ಎತ್ತುವ ಹಕ್ಕನ್ನು ಪಂಚಾಯಿತಿ ಹರಾಜು ಹಾಕುತ್ತದಲ್ವಾ? ಹರಾಜು ಹಿಡಿದವನು ಪಂಚಾಯಿತಿಗೆ ಇಂತಿಷ್ಟು ಅಂತ ಕಟ್ಟುತ್ತಾನೆ. ಆಮೇಲೆ ಸೊಪ್ಪಿನವಳಿಂದ, ಕುರಿ ತಂದವನಿಂದ ಎತ್ತಿದ್ದೆಲ್ಲ ಅವನದು. ಇಂಗ್ಲೆಂಡಿನ ಶೆರಿಫ್ ಇಡೀ ಜಿಲ್ಲೆಯನ್ನೇ ಹೀಗೆ ಹಿಡಿದಿರುತ್ತಿದ್ದ. ವರ್ಷಕ್ಕೆ ಗೊತ್ತುಮಾಡಿದ ಮೊತ್ತವನ್ನು ರಾಜನ ಖಜಾನೆಗೆ ಕಟ್ಟಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಹೆಚ್ಚು ಎತ್ತಿದರೆ ಮಿಕ್ಕಿದ್ದು ತನಗೆ. ಪ್ರಾಮಾಣಿಕವಾಗಿ ಇರಲು ಅವನಿಗೆ ಯಾವ ಕಾರಣವೂ ಉಳಿದಿರಲಿಲ್ಲ. ದಂಡ ಹಾಕುವವನೇ ದಂಡದಲ್ಲಿ ಪಾಲು ತಿನ್ನುವವನಾದರೆ ನ್ಯಾಯ ಎಲ್ಲಿಂದ ಬರಬೇಕು?

ಇದು ರಾಜರಿಗೂ ತಿಳಿಯದ ವಿಷಯವಲ್ಲ. 1170ರಲ್ಲಿ ಎರಡನೇ ಹೆನ್ರಿ ಶೆರಿಫರ ಮೇಲೆ ದೇಶದುದ್ದಕ್ಕೂ ತನಿಖೆ ನಡೆಸಿ, ಅವರಲ್ಲಿ ಹೆಚ್ಚಿನವರನ್ನು ಕಿತ್ತುಹಾಕಿದ. ಆದರೆ ಪದ್ಧತಿ ಹಾಗೇ ಉಳಿಯಿತು. ಜಾನ್ ರಾಜನಾದ ಮೇಲೆ ಹಳೆಯ ಮೊತ್ತ ಸಾಲದು, ಇನ್ನಷ್ಟು ತನ್ನಿ ಎಂಬ ಒತ್ತಡ ಜೋರಾಯಿತು. ಶೆರಿಫ್ ಜನರನ್ನು ಇನ್ನಷ್ಟು ಹಿಂಡಿದ.

1215ರ ಜೂನ್ 15ರಂದು ಥೇಮ್ಸ್ ದಂಡೆಯ ರನ್ನಿಮೀಡ್ ಎಂಬ ಹುಲ್ಲುಗಾವಲಿನಲ್ಲಿ ಜಾನ್ ತನ್ನ ಸರದಾರರ ಬೇಡಿಕೆಗೆ ಮಣಿದ. ಅದೇ ಮ್ಯಾಗ್ನಾ ಕಾರ್ಟಾ. ರಾಜನೂ ಕಾನೂನಿಗೆ ತಲೆಬಾಗಬೇಕು ಎಂದ ಒಪ್ಪಂದ ಎಂದು ಶಾಲೆಯಲ್ಲಿ ಓದಿದ್ದೇವೆ. ಅದರ 63 ಕಲಮುಗಳನ್ನು ಓದಿದರೆ ನೆಲದ ಮೇಲಿನ ಕಷ್ಟಗಳು ಕಾಣುತ್ತವೆ. ಕೌಂಟಿಗಳ ಮೊತ್ತ ಹಳೆಯಷ್ಟೇ ಇರಲಿ, ಏರಿಸಬೇಡಿ. ದುಡ್ಡು ಕೊಡದೆ ಯಾರ ಕಾಳನ್ನೂ ಎತ್ತಬೇಡಿ. ಒಪ್ಪಿಗೆ ಇಲ್ಲದೆ ಶೆರಿಫ್ ಯಾರ ಕುದುರೆ, ಗಾಡಿಯನ್ನೂ ಒಯ್ಯಕೂಡದು. ಕಾಡಿನ, ಶೆರಿಫರ ಕೆಟ್ಟ ಪದ್ಧತಿಗಳನ್ನೆಲ್ಲ ತನಿಖೆ ಮಾಡಿ ಕೊನೆಗಾಣಿಸಬೇಕು.

50ನೇ ಕಲಮು ನನಗೆ ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಕೆಲವರ ಹೆಸರನ್ನೇ ಬರೆದು, ಇವರನ್ನು ಅಧಿಕಾರದಿಂದ ತೆಗೆಯಬೇಕು, ಇನ್ನು ಮುಂದೆ ಇಂಗ್ಲೆಂಡಿನಲ್ಲಿ ಇವರಿಗೆ ಯಾವ ಹುದ್ದೆಯೂ ಇರಬಾರದು ಎಂದಿದ್ದಾರೆ. ಆ ಪಟ್ಟಿಯಲ್ಲಿ ಫಿಲಿಪ್ ಮಾರ್ಕ್ ಇದ್ದಾನೆ. ಫ್ರಾನ್ಸಿನಿಂದ ಜಾನ್ ಕರೆತಂದವರಲ್ಲಿ ಒಬ್ಬ. ಅವನ ಹುದ್ದೆ ಏನು ಗೊತ್ತೇ? ನಾಟಿಂಗ್‌ಹ್ಯಾಮ್‌ಶೈರ್ ಮತ್ತು ಡರ್ಬಿಶೈರ್‌ನ ಶೆರಿಫ್. ಹೆಸರು ಹಿಡಿದು ತೆಗೆಯಿರಿ ಎಂದರೂ ಅವನು 1224ರವರೆಗೆ ಅಲ್ಲೇ ಇದ್ದ. ಹಳೆಯ ಲಾವಣಿಗಳಲ್ಲಿ ಶೆರಿಫನಿಗೆ ಹೆಸರಿಲ್ಲ, ಹಾಗಾಗಿ ಕಥೆಯ ಶೆರಿಫ್ ಇವನೇ ಎನ್ನಲು ಆಗದು. ಆದರೆ ನಾಟಿಂಗ್‌ಹ್ಯಾಮ್‌ನ ಶೆರಿಫ್ ಎಂದರೆ ಜನ ಯಾಕೆ ಹಲ್ಲು ಕಡಿಯುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

## ರಿಚರ್ಡ್ ಒಳ್ಳೆಯವನು, ಜಾನ್ ಕೆಟ್ಟವನು?

ರಿಚರ್ಡ್ 1189ರಿಂದ 1199ರವರೆಗೆ 10 ವರ್ಷ ರಾಜನಾಗಿದ್ದ. ಅದರಲ್ಲಿ ಇಂಗ್ಲೆಂಡಿನಲ್ಲಿ ಕಳೆದದ್ದು ಆರು ತಿಂಗಳಿಗೂ ಕಡಿಮೆ. ಕ್ರೂಸೇಡ್‌ನಿಂದ ಮರಳುವಾಗ 1192ರ ಡಿಸೆಂಬರಿನಲ್ಲಿ ವಿಯೆನ್ನಾ ಹತ್ತಿರ ಆಸ್ಟ್ರಿಯಾದ ಲಿಯೊಪೋಲ್ಡ್ ಅವನನ್ನು ಸೆರೆಹಿಡಿದು, ಆಮೇಲೆ ಜರ್ಮನ್ ಚಕ್ರವರ್ತಿ ಆರನೇ ಹೆನ್ರಿಗೆ ಒಪ್ಪಿಸಿದ. ಬಿಡುಗಡೆಗೆ ಕೇಳಿದ್ದು 1,50,000 ಮಾರ್ಕ್, ಅಂದರೆ 1 ಲಕ್ಷ ಪೌಂಡ್. ಅದನ್ನು ತುಂಬಲು ಆದಾಯದ, ಚರ ಸೊತ್ತಿನ ನಾಲ್ಕನೇ ಒಂದು ಪಾಲು ಕೊಡಿ ಎಂದು ದೇಶದ ಮೇಲೆ ತೆರಿಗೆ ಬಿತ್ತು. ಚರ್ಚುಗಳ ಬೆಳ್ಳಿ ಬಂಗಾರದ ಪಾತ್ರೆ, ಮಠಗಳ ಕುರಿ ಉಣ್ಣೆ, ಎಲ್ಲ ಹೋಯಿತು. ಜನ ತೆತ್ತ ತೆರಿಗೆಯಲ್ಲಿ ದೊಡ್ಡ ಪಾಲು ‘ಒಳ್ಳೆಯ’ ರಾಜನಿಗಾಗಿಯೇ ಇತ್ತು ಎಂಬುದನ್ನು ಸಿನಿಮಾಗಳು ಹೇಳುವುದಿಲ್ಲ.

ಅಣ್ಣ ಸೆರೆಯಲ್ಲಿದ್ದಾಗ ಜಾನ್ ಸಿಂಹಾಸನಕ್ಕೆ ಹೊಂಚು ಹಾಕಿದ್ದು ನಿಜ. ಜಾನ್ ಕಡೆಯವರು ನಾಟಿಂಗ್‌ಹ್ಯಾಮ್ ಕೋಟೆಯನ್ನು ಹಿಡಿದು ಕೂತಿದ್ದೂ ನಿಜ. 1194ರ ಫೆಬ್ರವರಿಯಲ್ಲಿ ಬಿಡುಗಡೆಯಾದ ರಿಚರ್ಡ್ ಮಾರ್ಚ್ ಕೊನೆಯಲ್ಲಿ ಆ ಕೋಟೆಗೆ ಮುತ್ತಿಗೆ ಹಾಕಿ ಗೆದ್ದ. ಮರುದಿನ ಮೊದಲ ಬಾರಿಗೆ ಶೆರ್‌ವುಡ್ ಕಾಡು ನೋಡಲು ಹೋದ, ಅದು ಅವನಿಗೆ ಬಹಳ ಹಿಡಿಸಿತು ಎಂದು ಆ ಕಾಲದ ಇತಿಹಾಸಕಾರನೊಬ್ಬ ಬರೆದಿಟ್ಟಿದ್ದಾನೆ. ರಾಬಿನ್ ಭೇಟಿಯ ಮಾತು ಅಲ್ಲಿ ಇಲ್ಲ. ಆದರೂ ರಿಚರ್ಡ್ ಮತ್ತು ಶೆರ್‌ವುಡ್ ಒಂದೇ ಚಿತ್ರದಲ್ಲಿ ಬರಲು ಇಷ್ಟು ಆಧಾರ ಇದೆ.

ರಾಬಿನ್‌ನನ್ನು ರಿಚರ್ಡ್ ಕಾಲಕ್ಕೆ ತಂದು ಕೂರಿಸಿದ್ದು ಸ್ಕಾಟ್ಲೆಂಡಿನ ವಿದ್ವಾಂಸ ಜಾನ್ ಮೇಜರ್, ಅದೂ 1521ರಲ್ಲಿ. ಅವನಿಗಿಂತ ಮೊದಲು ಬರೆದವರು ಬೇರೆ ಕಾಲ ಹೇಳಿದ್ದರು. ಒಬ್ಬ 1283 ಅಂದ, ಇನ್ನೊಬ್ಬ 1266 ಅಂದ. ಲಾವಣಿಯಲ್ಲಿ ಬರುವ ರಾಜನ ಹೆಸರಂತೂ ಎಡ್ವರ್ಡ್.

## ಹಳೆಯ ಲಾವಣಿಗಳ ರಾಬಿನ್

ರಾಬಿನ್ ಹುಡ್ ಹಾಡುಗಳ ಬಗ್ಗೆ ಸಾಹಿತ್ಯದಲ್ಲಿ ಸಿಗುವ ಮೊದಲ ಉಲ್ಲೇಖ ಸುಮಾರು 1377ರ ಒಂದು ಇಂಗ್ಲಿಷ್ ಕಾವ್ಯದ್ದು. ಅದರಲ್ಲಿ ಒಬ್ಬ ಸೋಮಾರಿ ಪಾದ್ರಿ, ನನಗೆ ಪ್ರಾರ್ಥನೆ ಸರಿಯಾಗಿ ಬಾರದು, ರಾಬಿನ್ ಹುಡ್ ಹಾಡುಗಳು ಚೆನ್ನಾಗಿ ಬರುತ್ತವೆ ಎನ್ನುತ್ತಾನೆ. ಅಂದರೆ ಆ ಹೊತ್ತಿಗೆ ಅವು ಎಲ್ಲರ ಬಾಯಲ್ಲಿದ್ದವು. ಆ ಕಾಲವೂ ಅಂಥದ್ದೇ. 1348ರಲ್ಲಿ ಬಂದ ಪ್ಲೇಗ್ ಊರೂರನ್ನೇ ಖಾಲಿ ಮಾಡಿತ್ತು. ಕೂಲಿಯವರು ಕಡಿಮೆಯಾದಾಗ ಕೂಲಿ ಏರಬೇಕು, ಆದರೆ ಏರಿಸಕೂಡದು ಎಂದು 1351ರಲ್ಲಿ ಕಾನೂನು ಬಂತು. ಆಮೇಲೆ ತಲೆಗಂದಾಯ. 1381ರಲ್ಲಿ ರೈತರು ದಂಗೆಯೆದ್ದು ಲಂಡನ್ನಿಗೇ ನುಗ್ಗಿದರು.

ಹಳೆಯ ಲಾವಣಿಗಳಲ್ಲಿ ದೊಡ್ಡದು ಸುಮಾರು 1500ರ ಹೊತ್ತಿಗೆ ಅಚ್ಚಾದದ್ದು. 456 ಪದ್ಯ. ಇದರಲ್ಲಿ ರಾಬಿನ್ ಇರುವುದು ಶೆರ್‌ವುಡ್‌ನಲ್ಲಿ ಅಲ್ಲ, ಅಲ್ಲಿಂದ ಉತ್ತರಕ್ಕೆ ಯಾರ್ಕ್‌ಶೈರ್‌ನ ಬಾರ್ನ್ಸ್‌ಡೇಲ್‌ನಲ್ಲಿ. ಅವನು ಜಮೀನ್ದಾರನೂ ಅಲ್ಲ, ಗುಲಾಮನೂ ಅಲ್ಲ. ಯೋಮನ್, ಅಂದರೆ ಕೈಯಲ್ಲಿ ಸ್ವಲ್ಪ ಸ್ವಾತಂತ್ರ್ಯ ಇರುವ ನಡುವಿನ ವರ್ಗದವನು. ತನ್ನವರಿಗೆ ಅವನು ಹೇಳುವ ಮಾತು ಸ್ಪಷ್ಟ: ನೇಗಿಲು ಹಿಡಿದ ರೈತನನ್ನು ಮುಟ್ಟಬೇಡಿ. ಒಳ್ಳೆಯ ಯೋಮನ್‌ನನ್ನು ಮುಟ್ಟಬೇಡಿ. ಒಳ್ಳೆಯವನಾದರೆ ನೈಟ್‌ನನ್ನೂ, ಅಂದರೆ ಕುದುರೆಯೇರಿ ಕಾದುವ ಮೇಲ್ವರ್ಗದ ಯೋಧನನ್ನೂ, ಬಿಡಿ. ಬಿಷಪ್ಪರನ್ನು ಹಿಡಿದು ಕಟ್ಟಿ. ನಾಟಿಂಗ್‌ಹ್ಯಾಮ್‌ನ ಶೆರಿಫನನ್ನು ಮಾತ್ರ ಮರೆಯಬೇಡಿ.

ಒಂದು ದಿನ ಅವರ ಕೈಗೆ ಒಬ್ಬ ನೈಟ್ ಸಿಗುತ್ತಾನೆ. ಕುದುರೆಯ ಮೇಲೆ ಕುಳಿತ ಭಂಗಿಯಲ್ಲೇ ಸೋತವನು ಎಂದು ಗೊತ್ತಾಗುತ್ತದೆ. ಊಟ ಹಾಕಿಸಿ, ಈಗ ದುಡ್ಡು ಕೊಡು ಅಂದರೆ 10 ಶಿಲ್ಲಿಂಗ್ ಮಾತ್ರ ಇದೆ ಎನ್ನುತ್ತಾನೆ. ಲಿಟಲ್ ಜಾನ್ ಹುಡುಕಿ ನೋಡಿದರೆ ಅಷ್ಟೇ ಇರುತ್ತದೆ. ಅವನ ಮಗ ಜಗಳದಲ್ಲಿ ಒಬ್ಬನನ್ನು ಕೊಂದಿದ್ದಾನೆ. ಮಗನನ್ನು ಉಳಿಸಿಕೊಳ್ಳಲು ಯಾರ್ಕ್‌ನ ಸೇಂಟ್ ಮೇರಿ ಮಠದ ಮುಖ್ಯಸ್ಥನಲ್ಲಿ ಜಮೀನು ಅಡವಿಟ್ಟು 400 ಪೌಂಡ್ ಸಾಲ ಮಾಡಿದ್ದಾನೆ. ಗಡುವು ಮುಗಿಯುತ್ತಿದೆ. ಅಲ್ಲಿ ಮಠದಲ್ಲಿ ನ್ಯಾಯಾಧೀಶನೂ ಕುಳಿತಿದ್ದಾನೆ. ಬಟ್ಟೆಬರೆ, ಸಂಬಳ ಕೊಟ್ಟು ಮಠದವರು ಅವನನ್ನು ತಮ್ಮ ಕಡೆ ಮಾಡಿಕೊಂಡಿದ್ದಾರೆ.

ರಾಬಿನ್ 400 ಪೌಂಡ್ ಕೊಡುತ್ತಾನೆ. ಜಾಮೀನು ಯಾರು ಅಂದರೆ ನೈಟ್‌ಗೆ ಯಾರೂ ಇಲ್ಲ, ಮಾತೆ ಮರಿಯಮ್ಮ ಒಬ್ಬಳೇ. ಅದಕ್ಕಿಂತ ಒಳ್ಳೆಯ ಜಾಮೀನು ಇಲ್ಲ ಎಂದು ರಾಬಿನ್ ಒಪ್ಪುತ್ತಾನೆ. ಅವನಿಗೆ ಹೊಸ ಬಟ್ಟೆ ಅಳೆದು ಕೊಡುವಾಗ ಲಿಟಲ್ ಜಾನ್ ಬಿಲ್ಲನ್ನೇ ಅಳತೆಗೋಲು ಮಾಡಿಕೊಂಡು, ಪ್ರತಿ ಅಳತೆಗೂ ಕೆಲವು ಅಡಿ ಜಾಸ್ತಿ ಬಿಡುತ್ತಾನೆ. ವರ್ಷ ಕಳೆದು ಸಾಲ ತೀರಿಸುವ ದಿನ ಬರುತ್ತದೆ. ನೈಟ್ ಬರುವುದು ತಡವಾಗುತ್ತದೆ. ಅಷ್ಟರಲ್ಲಿ ಅದೇ ಸೇಂಟ್ ಮೇರಿ ಮಠದ ಸನ್ಯಾಸಿಯೊಬ್ಬ ಆ ದಾರಿಯಲ್ಲಿ ಸಿಗುತ್ತಾನೆ. ನನ್ನ ಹತ್ತಿರ 20 ಮಾರ್ಕ್ ಮಾತ್ರ ಇದೆ ಎಂದು ಸುಳ್ಳು ಹೇಳುತ್ತಾನೆ. ಪೆಟ್ಟಿಗೆ ತೆಗೆದರೆ 800 ಪೌಂಡ್‌ಗೂ ಹೆಚ್ಚು! ಮರಿಯಮ್ಮ ಎರಡರಷ್ಟು ಮಾಡಿ ಕಳಿಸಿದ್ದಾಳೆ ಎಂದು ರಾಬಿನ್ ಅದನ್ನು ಇಟ್ಟುಕೊಳ್ಳುತ್ತಾನೆ. ಆಮೇಲೆ ನೈಟ್ ದುಡ್ಡು ಹಿಡಿದು ಬಂದಾಗ, ನಿನ್ನ ಸಾಲ ಆಗಲೇ ತೀರಿತು ಎಂದು ಹೆಚ್ಚಿಗೆ ಬಂದ 400ನ್ನು ಅವನಿಗೇ ಕೊಡುತ್ತಾನೆ.

ಇಲ್ಲಿ ಗಮನಿಸಿ. ಬೀದಿಯಲ್ಲಿ ನಿಂತು ದುಡ್ಡು ಹಂಚುವ ರಾಬಿನ್ ಇಲ್ಲಿಲ್ಲ. ಸಾಲದ ಉರುಳಿಗೆ ಸಿಕ್ಕಿದವನೊಬ್ಬನನ್ನು ಬಿಡಿಸುತ್ತಾನೆ, ಅಷ್ಟೇ. ಅವನ ನೀತಿ ನಿಂತಿರುವುದು ನಿಜ ಹೇಳುವುದರ ಮೇಲೆ. ನಿಜ ಹೇಳಿದವನಿಗೆ ನೆರವು, ಸುಳ್ಳು ಹೇಳಿದವನಿಗೆ ದೋಚು. ಅವನು ದೈವಭಕ್ತ, ಮರಿಯಮ್ಮನ ಮೇಲಿನ ಭಕ್ತಿಯಿಂದ ಹೆಂಗಸರಿರುವ ಗುಂಪಿಗೆ ತೊಂದರೆ ಕೊಡುವುದಿಲ್ಲ. ಕೋಪ ಇರುವುದು ಧರ್ಮದ ಮೇಲಲ್ಲ, ಸಾಲಕ್ಕೆ ಜಮೀನು ನುಂಗುವ ಮಠದ ಮೇಲೆ. ಲಾವಣಿಯ ಕೊನೆಯಲ್ಲಿ ಮಾತ್ರ, ಅವನು ಒಳ್ಳೆಯ ಔಟ್‌ಲಾ, ಬಡವರಿಗೆ ತುಂಬ ಒಳ್ಳೆಯದು ಮಾಡಿದ ಎಂಬ ಎರಡು ಸಾಲು ಇದೆ. ಮುಂದಿನವರು ಆ ಎರಡು ಸಾಲನ್ನೇ ಹಿಡಿದು ಬೆಳೆಸಿದರು. ದೋಚಿದ್ದನ್ನು ಬಡವರಿಗೆ ಕೊಡುತ್ತಿದ್ದ ಎಂದು ಬಿಡಿಸಿ ಬರೆದವನು ಜಾನ್ ಮೇಜರ್.

ಹಳೆಯ ಲಾವಣಿಗಳಲ್ಲಿ ಕ್ರೌರ್ಯವೂ ಇದೆ. ಅದನ್ನು ಮುಚ್ಚಿಡಬಾರದು. 1450ರ ನಂತರದ ಒಂದು ಹಸ್ತಪ್ರತಿಯಲ್ಲಿ ರಾಬಿನ್ ನಾಟಿಂಗ್‌ಹ್ಯಾಮ್‌ನ ಚರ್ಚಿಗೆ ಹೋಗಿ ಸಿಕ್ಕಿಬೀಳುತ್ತಾನೆ. ಅವನನ್ನು ಹಿಡಿದುಕೊಟ್ಟ ಸನ್ಯಾಸಿಯನ್ನು ಲಿಟಲ್ ಜಾನ್ ಕೊಲ್ಲುತ್ತಾನೆ. ಸುದ್ದಿ ಹೊರಗೆ ಹೋಗಬಾರದು ಅಂತ ಸನ್ಯಾಸಿಯ ಜೊತೆಗಿದ್ದ ಪುಟ್ಟ ಹುಡುಗನನ್ನು ಮಚ್ ಕೊಲ್ಲುತ್ತಾನೆ. ಮಕ್ಕಳ ಪುಸ್ತಕಗಳಲ್ಲಿ ಈ ಹುಡುಗ ಬರುವುದಿಲ್ಲ.

ಸಾವೂ ಹಾಗೆಯೇ. ದೊಡ್ಡ ಲಾವಣಿಯಲ್ಲಿ ರಾಜನ ಆಸ್ಥಾನದಲ್ಲಿ ಒಂದು ವರ್ಷ ಮೂರು ತಿಂಗಳು ಇದ್ದು, ದುಡ್ಡೆಲ್ಲ ಖರ್ಚಾಗಿ, ಮನಸ್ಸು ತಡೆಯದೆ ರಾಬಿನ್ ಕಾಡಿಗೆ ಮರಳುತ್ತಾನೆ. 22 ವರ್ಷ ಅಲ್ಲೇ ಇರುತ್ತಾನೆ. ಕೊನೆಗೆ ರಕ್ತ ತೆಗೆಸುವ ಚಿಕಿತ್ಸೆಗೆಂದು ಕರ್ಕ್‌ಲೀಸ್‌ನ ಸನ್ಯಾಸಿನಿಯರ ಮಠಕ್ಕೆ ಹೋದಾಗ, ಸಂಬಂಧಿಯೇ ಆದ ಅಲ್ಲಿನ ಮುಖ್ಯಸ್ಥೆ ಮೋಸದಿಂದ ರಕ್ತ ಹರಿಸಿ ಕೊಲ್ಲುತ್ತಾಳೆ.

## ಯಾರು ಯಾವಾಗ ಬಂದು ಸೇರಿದರು

ಲಿಟಲ್ ಜಾನ್, ಮಚ್, ವಿಲ್ ಮೊದಲಿನಿಂದ ಇದ್ದವರು. ಮರಿಯನ್ ಇರಲಿಲ್ಲ. 13ನೇ ಶತಮಾನದ ಫ್ರೆಂಚ್ ನಾಟಕ, ಹಾಡುಗಳಲ್ಲಿ ರಾಬಿನ್ ಮತ್ತು ಮರಿಯನ್ ಎಂಬ ಕುರಿಗಾಹಿ ಜೋಡಿ ಇತ್ತು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಮೇ ತಿಂಗಳ ಹಬ್ಬಕ್ಕೆ ರಾಬಿನ್ ಹುಡ್ ವೇಷ ಕಟ್ಟಿ ಚರ್ಚಿಗೆ ಚಂದಾ ಎತ್ತುವ ರೂಢಿ ಬಂದಾಗ, ಆ ಮರಿಯನ್ ಈ ರಾಬಿನ್‌ನ ಪಕ್ಕ ಬಂದು ನಿಂತಳು. ಈ ಹಬ್ಬ ಕೈಮೀರುತ್ತದೆ ಅನ್ನಿಸಿ 1555ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ರಾಬಿನ್ ಹುಡ್, ಲಿಟಲ್ ಜಾನ್ ವೇಷಗಳನ್ನೇ ನಿಷೇಧಿಸಿತು.

ಫ್ರಯರ್ ಟಕ್ ಎಂಬ ಹೆಸರಿನ ನಿಜವಾದ ಮನುಷ್ಯನೊಬ್ಬ ಇದ್ದ. 1417ರಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಆ ಹೆಸರಿಟ್ಟುಕೊಂಡು ದರೋಡೆ ಮಾಡುತ್ತಿದ್ದವನನ್ನು ಹಿಡಿಯಲು ರಾಜಾಜ್ಞೆ ಹೊರಟಿತ್ತು. ಅವನು ಸಸೆಕ್ಸ್‌ನ ಲಿಂಡ್‌ಫೀಲ್ಡ್‌ನ ಪಾದ್ರಿ ರಾಬರ್ಟ್ ಸ್ಟಾಫರ್ಡ್ ಎಂದು ಆಮೇಲೆ ಗೊತ್ತಾಯಿತು.

1598ರಲ್ಲಿ ಲಂಡನ್ನಿನ ಎರಡು ನಾಟಕಗಳು ಯೋಮನ್ ರಾಬಿನ್‌ನನ್ನು ಹಂಟಿಂಗ್ಡನ್‌ನ ಅರ್ಲ್, ಅಂದರೆ ದೊಡ್ಡ ಪದವಿಯ ಸರದಾರ, ಮಾಡಿದವು. ಆಸ್ತಿ ಕಳೆದುಕೊಂಡ ಶ್ರೀಮಂತ ಎಂಬ ಭಾಗ ಅಲ್ಲಿಂದ ಬಂತು. ನನ್ನ ಮಟ್ಟಿಗೆ ಇದು ಕಥೆಗೆ ಆದ ನಷ್ಟ. ಸಾಮಾನ್ಯನೊಬ್ಬನ ಸಿಟ್ಟು ದೊಡ್ಡ ಮನೆಯವನ ಆಸ್ತಿ ವ್ಯಾಜ್ಯವಾಗಿ ಬದಲಾಯಿತು. 1819ರ ಕೊನೆಗೆ ಬಂದ ವಾಲ್ಟರ್ ಸ್ಕಾಟ್‌ನ ‘ಐವನ್‌ಹೋ’ ಕಾದಂಬರಿ, ಗೆದ್ದ ನಾರ್ಮನ್ನರ (ವಿಲಿಯಂ ಕಡೆಯವರ) ಎದುರು ಸೋತ ಸ್ಯಾಕ್ಸನ್ನರ (ಮೊದಲಿನಿಂದ ಇದ್ದ ಇಂಗ್ಲಿಷರ) ಹೋರಾಟ ಎಂಬ ಬಣ್ಣ ಕೊಟ್ಟಿತು. ಹಳೆಯ ಲಾವಣಿಗಳಲ್ಲಿ ಆ ಜಗಳದ ಸುಳಿವೇ ಇಲ್ಲ.

## ಅಂಥವನೊಬ್ಬ ಇದ್ದನೇ?

1226ರ ಯಾರ್ಕ್‌ಶೈರ್ ನ್ಯಾಯಸಭೆಯ ಲೆಕ್ಕದಲ್ಲಿ ‘ರಾಬರ್ಟ್ ಹಾಡ್, ಓಡಿಹೋದವನು’ ಎಂದಿದೆ. ಅವನ ಸಾಮಾನಿನಿಂದ ಬಂದದ್ದು 32 ಶಿಲ್ಲಿಂಗ್ 6 ಪೆನ್ಸ್. ಕಾಲ, ಜಾಗ, ಹೆಸರು ಮೂರೂ ಹತ್ತಿರ ಬರುತ್ತವೆ. ಆದರೆ ರಾಬರ್ಟ್ ಎಂಬ ಹೆಸರನ್ನು ರಾಬಿನ್ ಎನ್ನುವುದು, ಹಾಡ್ ಎಂಬ ಮನೆತನದ ಹೆಸರು, ಎರಡೂ ಆಗ ಸಾಮಾನ್ಯ. ಅಷ್ಟರಿಂದ ಇವನೇ ಅವನು ಎನ್ನಲಾಗದು.

1262ರ ದಾಖಲೆ ಇನ್ನೂ ಕುತೂಹಲದ್ದು. ಬರ್ಕ್‌ಶೈರ್‌ನಲ್ಲಿ ಹಿಂದಿನ ವರ್ಷ ‘ಕಮ್ಮಾರ ರಾಬರ್ಟನ ಮಗ ವಿಲಿಯಂ’ ಎಂದಿದ್ದ ಓಡಿಹೋದ ಆರೋಪಿಯನ್ನು ಈ ವರ್ಷ ಗುಮಾಸ್ತನೊಬ್ಬ ‘ವಿಲಿಯಂ ರಾಬೆಹಾಡ್’ ಎಂದು ಬರೆದಿದ್ದಾನೆ. ಅಂದರೆ 1262ಕ್ಕೇ ಓಡಿಹೋದವರಿಗೆ ಈ ಹೆಸರು ಅಂಟಿಸುವಷ್ಟು ಕಥೆ ಹರಡಿತ್ತು ಎಂದು ಇತಿಹಾಸಕಾರರು ಊಹಿಸುತ್ತಾರೆ. 1439ರಲ್ಲಿ ಡರ್ಬಿಶೈರ್‌ನ ಪಿಯರ್ಸ್ ವೆನಬಲ್ಸ್ ಎಂಬವನ ಮೇಲೆ ಸಂಸತ್ತಿಗೆ ಹೋದ ದೂರಿನಲ್ಲಿ, ರಾಬಿನ್ ಹುಡ್ ಮತ್ತು ಅವನ ತಂಡದ ಹಾಗೆ ಕಾಡು ಸೇರಿದ್ದಾನೆ ಎಂದೇ ಬರೆದಿದ್ದಾರೆ. ನಮ್ಮ ಪತ್ರಿಕೆಗಳು ಇಂದು ಮಾಡುವುದನ್ನು ಅವರು ಆಗಲೇ ಮಾಡುತ್ತಿದ್ದರು.

ನಿಜವಾದ ಔಟ್‌ಲಾಗಳ ಬಾಳು ಲಾವಣಿಗೆ ಕಡಿಮೆಯೇನಲ್ಲ. ಲೆಸ್ಟರ್‌ಶೈರ್‌ನ ಫಾಲ್ವಿಲ್ ಸಹೋದರರು 1326ರಲ್ಲಿ ಖಜಾನೆಯ ದೊಡ್ಡ ಅಧಿಕಾರಿ ರೋಜರ್ ಬೆಲ್ಲರ್ಸ್‌ನನ್ನು ಕೊಂದರು. 1332ರಲ್ಲಿ ನ್ಯಾಯಾಧೀಶ ರಿಚರ್ಡ್ ವಿಲ್ಲೋಬಿಯನ್ನು ಹಿಡಿದು 1,300 ಮಾರ್ಕ್ ವಸೂಲು ಮಾಡಿದರು. ಮುಖಂಡ ಯೂಸ್ಟೇಸ್ ಫಾಲ್ವಿಲ್ ಕ್ಷಮೆ ಪಡೆದು, ರಾಜನ ಪರ ಯುದ್ಧ ಮಾಡಿ, 1347ರಲ್ಲಿ ಯಾವ ಶಿಕ್ಷೆಯೂ ಇಲ್ಲದೆ ತೀರಿಕೊಂಡ. ಇವರು ಬಡವರಿಗೆ ಏನನ್ನೂ ಹಂಚಲಿಲ್ಲ. ಆದರೂ ಲಂಚಕೋರ ನ್ಯಾಯಾಧೀಶನಿಗೆ ಹೀಗಾಯಿತು ಎಂದಾಗ ಜನಕ್ಕೆ ದುಃಖವಾಗಲಿಲ್ಲ. ಲಾವಣಿ ಹುಟ್ಟಲು ಬೇಕಾದ ಹದ ಅದು.

ರಾಬಿನ್ ನಮ್ಮವನು ಎಂಬ ಜಗಳ ನಾಟಿಂಗ್‌ಹ್ಯಾಮ್‌ಶೈರ್ ಮತ್ತು ಯಾರ್ಕ್‌ಶೈರ್ ನಡುವೆ ಈಗಲೂ ಇದೆ. 2005ರಲ್ಲಿ ಯಾರ್ಕ್‌ಶೈರ್‌ನ ಡಾಂಕಸ್ಟರ್‌ನಲ್ಲಿ ತೆರೆದ ವಿಮಾನ ನಿಲ್ದಾಣಕ್ಕೆ ರಾಬಿನ್ ಹುಡ್ ಹೆಸರಿಟ್ಟಾಗ ನಾಟಿಂಗ್‌ಹ್ಯಾಮ್‌ನವರು ಸಿಟ್ಟಾದರು. ಹಳೆಯ ಲಾವಣಿಗಳ ಪ್ರಕಾರ ಯಾರ್ಕ್‌ಶೈರ್ ವಾದವೇ ಹೆಚ್ಚು ಗಟ್ಟಿ.

## ಆ ಕಾನೂನುಗಳು ಏನಾದವು

ಮ್ಯಾಗ್ನಾ ಕಾರ್ಟಾ ಆಗಿ ಎರಡು ವರ್ಷಕ್ಕೆ, 1217ರ ನವೆಂಬರ್ 6ರಂದು, 10 ವರ್ಷದ ಬಾಲರಾಜ ಮೂರನೇ ಹೆನ್ರಿಯ ಹೆಸರಿನಲ್ಲಿ ‘ಅರಣ್ಯ ಸನ್ನದು’ ಬಂತು. ಜಿಂಕೆಗಾಗಿ ಇನ್ನು ಯಾರೂ ಪ್ರಾಣವನ್ನಾಗಲಿ ಅಂಗವನ್ನಾಗಲಿ ಕಳೆದುಕೊಳ್ಳಬಾರದು ಎಂದು ಅದು ಹೇಳಿತು. ದಂಡ ಕಟ್ಟಲಾಗದವನಿಗೆ ಒಂದು ವರ್ಷ ಒಂದು ದಿನ ಸೆರೆ. ಹೊಸದಾಗಿ ಫಾರೆಸ್ಟಿಗೆ ಸೇರಿಸಿದ ಎಷ್ಟೋ ನೆಲವನ್ನು ಬಿಟ್ಟುಕೊಡಬೇಕು. ತನ್ನ ಮರಗಳಲ್ಲಿ ಸಿಗುವ ಜೇನು ಆ ಜಾಗದವನಿಗೇ ಸೇರಬೇಕು. ತನ್ನ ಹಂದಿಗಳನ್ನು ರಾಜನ ಕಾಡಿನ ಮೂಲಕ ಹೊಡೆದುಕೊಂಡು ಹೋಗಬಹುದು. ಮ್ಯಾಗ್ನಾ ಕಾರ್ಟಾ ಸರದಾರರ ನೋವಿಗೆ ಹೆಚ್ಚು ಉತ್ತರ ಕೊಟ್ಟಿದ್ದರೆ, ಹಳ್ಳಿಯವರ ಒಲೆಯ ಹತ್ತಿರಕ್ಕೆ ಬಂದದ್ದು ಈ ಸನ್ನದು.

ಔಟ್‌ಲಾ ಎಂದು ಸಾರುವ ಅಧಿಕಾರ ಇಂಗ್ಲೆಂಡಿನ ಕಾನೂನಿನಲ್ಲಿ ಪೂರ್ತಿ ಹೋದದ್ದು 1938ರಲ್ಲಿ. ಅರಣ್ಯ ಸನ್ನದನ್ನು ಬ್ರಿಟನ್ನಿನ ಸಂಸತ್ತು 1971ರಲ್ಲಿ ಹಿಂತೆಗೆದು ಅದರ ಜಾಗಕ್ಕೆ ಹೊಸ ಕಾಯ್ದೆ ತಂದಿತು. ವಿಲಿಯಂ ಮಾಡಿದ ನ್ಯೂ ಫಾರೆಸ್ಟಿನಲ್ಲಿ ಹಳೆಯ ಅರಣ್ಯ ನ್ಯಾಯಸಭೆ ಮಾತ್ರ ಲಿಂಡ್‌ಹರ್ಸ್ಟ್ ಎಂಬ ಊರಿನಲ್ಲಿ ಇಂದಿಗೂ ಸೇರುತ್ತದೆ. ಆಗ ರಾಜನ ಜಿಂಕೆ ಕಾಯುತ್ತಿದ್ದ ಆ ಸಭೆ ಈಗ ಹಳ್ಳಿಯವರ ಮೇವಿನ ಹಕ್ಕುಗಳನ್ನು ನೋಡಿಕೊಳ್ಳುತ್ತದೆ. ಶರತ್ಕಾಲದಲ್ಲಿ ಓಕ್ ಮರದ ಕಾಯಿ ಉದುರಿದಾಗ ಹಳ್ಳಿಯವರು ಅಲ್ಲಿ ಹಂದಿಗಳನ್ನು ಮೇಯಲು ಬಿಡುತ್ತಾರೆ. ಅದಕ್ಕೆ ದಿನ ಗೊತ್ತುಮಾಡುವುದರಲ್ಲೂ ಆ ಸಭೆಗೆ ಪಾಲಿದೆ.